‘ಆಲ್ಕೆಮಿಸ್ಟ್’ ಓದದವರ ಪರವಾಗಿ

‘ಡು ಯು ಲೈಕ್ ರೀಡಿಂಗ್?’ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಸುತ್ತಿನಲ್ಲಿ ಇದಕ್ಕಿಂತ ಸಲೀಸಾದ ಪ್ರಶ್ನೆ ಸಿಗಲಿಕ್ಕಿಲ್ಲ. ಆದರೂ ಕೋಚಿಂಗ್ ತರಗತಿಯ ಮಾಕ್ ಟೆಸ್ಟಿನಲ್ಲಿ ಈ ಪ್ರಶ್ನೆ ಬಿದ್ದ ಕೂಡಲೇ, ಅಲ್ಲಿಯವರೆಗೆ ತನ್ನ ಊರು, ಮನೆ, ಕೆಲಸದ ಬಗ್ಗೆ ತಕ್ಕಮಟ್ಟಿಗೆ ಮಾತಾಡುತ್ತಿದ್ದ ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಯಾರದೋ ದನಿಯಲ್ಲಿ ಶುರುಮಾಡುತ್ತಾನೆ: ‘ಯೆಸ್, ಐ ಆ್ಯಮ್ ಆ್ಯನ್ ಅವಿಡ್ ರೀಡರ್.’ ಬೆನ್ನಿಗೇ ಒಂದು ಪುಸ್ತಕದ ಹೆಸರು. ಬಹಳ ಸಲ ಅದು ‘ದಿ ಆಲ್ಕೆಮಿಸ್ಟ್’. ಅದಲ್ಲದಿದ್ದರೆ ಅಬ್ದುಲ್ ಕಲಾಂ ಅವರ ‘ವಿಂಗ್ಸ್ ಆಫ್ ಫೈರ್’. ಎಂಜಿನಿಯರಿಂಗ್ ಮುಗಿಸಿದವನಾದರೆ ‘ಅಟಾಮಿಕ್ ಹ್ಯಾಬಿಟ್ಸ್’, ಬಿ.ಕಾಂ. ಆದರೆ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’.

ಇದನ್ನು ಕಂಡವರಲ್ಲಿ ಎರಡು ಪಂಗಡಗಳಿವೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನ್ನ ಗೆಳೆಯರದು ಮೊದಲನೆಯದು. ಓದದ ಪೀಳಿಗೆ ಇದು, ಓದಿದ್ದೇವೆಂದು ಸುಳ್ಳು ಬೇರೆ ಹೇಳುತ್ತದೆ, ಮೊದಲು ನಾಲ್ಕು ಇಂಗ್ಲಿಷ್ ಕಾದಂಬರಿ ಓದಲಿ, ಆಮೇಲೆ ಮಾತು ತಾನಾಗಿ ಬರುತ್ತದೆ ಎನ್ನುತ್ತಾರೆ ಅವರು. ಕೋಚಿಂಗ್ ಮೇಷ್ಟ್ರುಗಳದು ಎರಡನೆಯದು. ಅಲ್ಲಿ ಅಳೆಯುವುದು ಭಾಷೆಯನ್ನೇ ಹೊರತು ಸತ್ಯವನ್ನಲ್ಲ, ಹಾಗಾಗಿ ಓದದಿದ್ದರೂ ಓದಿದ್ದೇನೆ ಅನ್ನು, ಹೆಸರುವಾಸಿ ಪುಸ್ತಕ ಒಂದನ್ನು ಹಿಡಿದುಕೋ, ಭಾರಿ ಪದ ನಾಲ್ಕು ಸೇರಿಸು ಎಂದು ಅವರ ಸಲಹೆ. ಎರಡೂ ಕಡೆಯವರು ಮಕ್ಕಳ ಒಳಿತನ್ನೇ ಬಯಸುವವರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜಗಳವಾಡುತ್ತಲೇ ಇಬ್ಬರೂ ಒಂದು ಮಾತಿನಲ್ಲಿ ಒಂದಾಗಿದ್ದಾರೆ: ಆ ಕುರ್ಚಿಯಲ್ಲಿ ಕೂತವರು ಇಂಗ್ಲಿಷ್ ಪುಸ್ತಕಗಳ ಓದುಗರಾಗಿ ಕಾಣಿಸಲೇಬೇಕು ಎಂಬುದರಲ್ಲಿ. ನನ್ನ ತಕರಾರು ಇರುವುದು ಅಲ್ಲಿಗೆ.

ಪರೀಕ್ಷೆ ಹೇಗೆ ನಡೆಯುತ್ತದೆಂದು ಮೊದಲು ನೋಡೋಣ. 1989ರಲ್ಲಿ ಶುರುವಾದ ಐಇಎಲ್‌ಟಿಎಸ್‌ನ ಮಾತಿನ ಭಾಗ ಈಗಿನ ರೂಪಕ್ಕೆ ಬಂದದ್ದು 2001ರಲ್ಲಿ. ಒಟ್ಟು 11ರಿಂದ 14 ನಿಮಿಷ, ಮೂರು ಸುತ್ತು. ಮೊದಲ ನಾಲ್ಕೈದು ನಿಮಿಷ ಊರು, ಮನೆ, ಕೆಲಸ, ಹವ್ಯಾಸ. ಎರಡನೆಯದರಲ್ಲಿ ಕೈಗೊಂದು ಚೀಟಿ, ಬರೆದುಕೊಳ್ಳಲು ಪೆನ್ಸಿಲ್ಲು, ಹಾಳೆ. ‘ಇತ್ತೀಚೆಗೆ ಓದಿದ ಪುಸ್ತಕವೊಂದರ ಬಗ್ಗೆ ಹೇಳಿ’ ಎಂಬಂಥ ವಿಷಯಕ್ಕೆ ಒಂದು ನಿಮಿಷದ ತಯಾರಿ, ಎರಡು ನಿಮಿಷದವರೆಗೆ ಮಾತು. ಮೂರನೆಯದು ಅದೇ ವಿಷಯದ ಎಳೆ ಹಿಡಿದು ಚರ್ಚೆ: ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ, ಕಾಗದದ ಪುಸ್ತಕ ಮಾಯವಾಗುತ್ತದೆಯೇ, ಇತ್ಯಾದಿ. ಮೊದಲ ಸುತ್ತಿನಲ್ಲಿ ಪರೀಕ್ಷಕರು ಅಚ್ಚಾದ ಪ್ರಶ್ನೆಗಳ ಗೆರೆ ದಾಟುವಂತಿಲ್ಲ. ಮೂರನೆಯದರಲ್ಲಿ ಮಾತ್ರ ನೀವು ಹೇಳಿದ್ದನ್ನು ಹಿಡಿದು ಕೆದಕುವ ಸ್ವಾತಂತ್ರ್ಯ ಅವರಿಗಿದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಕ ಕೊಡುವುದು ನಾಲ್ಕು ಲೆಕ್ಕದಲ್ಲಿ, ನಾಲ್ಕಕ್ಕೂ ಸಮಪಾಲು. ಮಾತಿನ ಓಟ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣದ ಹರವು ಮತ್ತು ನಿಖರತೆ, ಉಚ್ಚಾರಣೆ. ಐದನೆಯ ಲೆಕ್ಕ ಇಲ್ಲ. ಪುಸ್ತಕ ಎಷ್ಟು ಘನವಾದದ್ದು, ಅದನ್ನು ನೀವು ಓದಿದ್ದು ಹೌದೋ ಅಲ್ಲವೋ, ಓದುವ ಅಭ್ಯಾಸ ನಿಮಗಿದೆಯೋ ಇಲ್ಲವೋ, ಇದ್ಯಾವುದಕ್ಕೂ ಆ ಹಾಳೆಯಲ್ಲಿ ಕಾಲಂ ಇಲ್ಲ. ಅಂದಮೇಲೆ ಕೋಚಿಂಗ್ ಮೇಷ್ಟ್ರು ಹೇಳಿದ್ದೇ ಸರಿಯಲ್ಲವೇ ಎನ್ನಬಹುದು. ಅರ್ಧ ಸರಿ. ಅಲ್ಲಿ ಸುಳ್ಳು ಹೇಳಿದರೆ ಪಾಪ ಬರುವುದಿಲ್ಲ, ಯಾರೂ ಭಗವದ್ಗೀತೆ ಮುಟ್ಟಿಸಿ ಪ್ರಮಾಣ ಮಾಡಿಸುವುದಿಲ್ಲ. ಆದರೆ ಆ ಸುಳ್ಳು ದುಬಾರಿ. ನನ್ನ ವಾದ ನೀತಿಯದ್ದಲ್ಲ, ಖರ್ಚುವೆಚ್ಚದ್ದು.

ಖರ್ಚು ಎಲ್ಲಿ ಬೀಳುತ್ತದೆ? ಪ್ರಕಟಿತ ಮಾನದಂಡಗಳಲ್ಲೇ ಉತ್ತರವಿದೆ. ಮೇಲಿನ ಬ್ಯಾಂಡುಗಳ, ಅಂದರೆ ಅಂಕಶ್ರೇಣಿಗಳ, ವಿವರಣೆಯಲ್ಲಿ ತಡವರಿಕೆಯ ಬಗ್ಗೆ ಒಂದು ಸೂಕ್ಷ್ಮವಾದ ಮಾತು ಬರುತ್ತದೆ. ಏನು ಹೇಳಲಿ ಎಂದು ಯೋಚಿಸುತ್ತ ನಿಲ್ಲುವುದು ಬೇರೆ, ಪದಕ್ಕಾಗಿ ಅಥವಾ ವ್ಯಾಕರಣಕ್ಕಾಗಿ ತಡಕಾಡುತ್ತ ನಿಲ್ಲುವುದು ಬೇರೆ. ಮೊದಲನೆಯದು 9ರ ಬ್ಯಾಂಡಿನಲ್ಲೂ ಸಲ್ಲುತ್ತದೆ, ಎರಡನೆಯದು ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಓದದ ಪುಸ್ತಕದ ಬಗ್ಗೆ ಮಾತಾಡುವವರಿಗೆ ಯೋಚಿಸಲು ಏನೂ ಇರುವುದಿಲ್ಲ. ಇರುವುದು ಬಾಯಿಪಾಠದ ಮುಂದಿನ ಸಾಲು ಮಾತ್ರ. ಅದು ನೆನಪಾಗಲಿಲ್ಲವೆಂದರೆ ಅವರು ನಿಲ್ಲುವುದು ಯೋಚನೆಗಾಗಿ ಅಲ್ಲ, ಪದಕ್ಕಾಗಿ. ಮದುವೆಗೆ ಪಕ್ಕದ ಮನೆಯ ನೆಕ್ಲೇಸು ಹಾಕಿಕೊಂಡು ಹೋದವಳು ಊಟದ ಪಂಕ್ತಿಯಲ್ಲೂ ಕೊರಳು ಮುಟ್ಟಿ ನೋಡಿಕೊಳ್ಳುತ್ತಿರುವಂತೆ ಇವರ ಗಮನವೆಲ್ಲ ಎರವಲು ತಂದದ್ದರ ಮೇಲೇ ಇರುತ್ತದೆ. ಇನ್ನು, ಕಂಠಪಾಠದ ಮಾತುಗಳನ್ನೇ ನೆಚ್ಚಿಕೊಳ್ಳುವುದು ಆ ಮಾನದಂಡಗಳಲ್ಲಿ ಕಾಣಿಸಿಕೊಳ್ಳುವುದು 2, 3ರಂಥ ತಳದ ಬ್ಯಾಂಡುಗಳ ಲಕ್ಷಣವಾಗಿ. ಒಂದು ಸಲ ಪರೀಕ್ಷೆಗೆ ಕೂರಲು 17,000 ರೂಪಾಯಿಗೂ ಹೆಚ್ಚು ಕಟ್ಟಿ ಇಂಥ ಲಕ್ಷಣವನ್ನು ತಾವಾಗಿ ತೋರಿಸಿ ಬರಬೇಕೇ?

ಈಚೆಗೆ ಒಂದು ಮಾಕ್ ಟೆಸ್ಟಿನಲ್ಲಿ ಪರೀಕ್ಷಕನ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ಎದುರಿಗಿದ್ದವಳು ಹಾಸನದ ಕಡೆಯ ಹುಡುಗಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ, ಕಣ್ಣು ಇಂಗ್ಲೆಂಡಿನ ಮೇಲೆ. ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಐಇಎಲ್‌ಟಿಎಸ್ ದಾರಿಯಲ್ಲಿ ಬರುವವರಿಂದ ಬರವಣಿಗೆಗೆ 6.5 ಸಾಕೆನ್ನುತ್ತದೆ, ಮಾತೂ ಸೇರಿ ಉಳಿದ ಮೂರಕ್ಕೂ 7 ಕೇಳುತ್ತದೆ. ಇವಳದು ಆರರ ಆಸುಪಾಸಿನಲ್ಲೇ ಅಂಟಿಕೊಂಡಿತ್ತು. ಓದಿನ ಪ್ರಶ್ನೆ ಬಂತು, ಅವಿಡ್ ರೀಡರ್ ಬಂದಳು, ‘ಆಲ್ಕೆಮಿಸ್ಟ್’ ಬಂತು. ಯಾವ ಭಾಗ ಇಷ್ಟವಾಯಿತು ಎಂದೆ. ‘ಆಲ್ ಪಾರ್ಟ್ಸ್, ಸರ್.’ ಆ ಕುರಿ ಕಾಯುವ ಹುಡುಗ ಯಾತಕ್ಕಾಗಿ ಮನೆ ಬಿಟ್ಟ? ಅವಳು ಮೇಜಿನ ಅಂಚು ನೋಡತೊಡಗಿದಳು. ನಿಜವಾದ ಪರೀಕ್ಷಕರು ಮೊದಲ ಸುತ್ತಿನಲ್ಲಿ ಹೀಗೆಲ್ಲ ಕೆದಕುವುದಿಲ್ಲ, ಮಾಕ್ ಪರೀಕ್ಷಕನಿಗೆ ಆ ನಿರ್ಬಂಧವಿಲ್ಲ.

ರೆಕಾರ್ಡರ್ ಆರಿಸಿ ಕನ್ನಡದಲ್ಲಿ ಕೇಳಿದೆ. ‘ನಿಜವಾಗಿ ಏನು ಓದ್ತೀಯಮ್ಮಾ?’

‘ಏನೂ ಇಲ್ಲ ಸರ್. ಡ್ಯೂಟಿ ಮುಗಿಸಿ ಬಂದ್ರೆ ನಿದ್ದೆ ಬಂದ್ರೆ ಸಾಕು ಅನ್ಸತ್ತೆ.’

‘ಏನೂ ಅಂದ್ರೆ ಏನೂ?’

‘ಕೇಸ್ ಶೀಟ್ ಓದ್ತೀನಿ. ಡಾಕ್ಟ್ರು ಬರೆದಿರೋದು ನಮ್ ವಾರ್ಡಲ್ಲಿ ನನಗೊಬ್ಳಿಗೇ ಅರ್ಥ ಆಗೋದು’ ಎಂದು ನಕ್ಕಳು. ಆಮೇಲೆ, ‘ಊರಿಗೆ ಹೋದಾಗ ಅಜ್ಜಿಗೆ ‘ತರಂಗ’ದ ಧಾರಾವಾಹಿ ಓದಿ ಹೇಳ್ತೀನಿ. ಅವರಿಗೆ ಕಣ್ಣು ಮಂಜು. ಒಂದ್ ಪ್ಯಾರಾ ಹಾರಿಸಿದ್ರೂ ಕಂಡುಹಿಡೀತಾರೆ. ಕಥೆಯಲ್ಲಿರೋ ಗಂಡನ್ನ ಬಯ್ತಾ ಬಯ್ತಾನೇ ಕೇಳೋದು.’

ಇದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದೆ. ಹೇಳಿದಳು. ಧಾರಾವಾಹಿಗೆ ಇಂಗ್ಲಿಷ್ ಪದ ತೋಚಲಿಲ್ಲ. ಒಂದೇ ಸಲಕ್ಕೆ ಮುಗಿಯದೆ ವಾರ ವಾರ ಸ್ವಲ್ಪ ಸ್ವಲ್ಪ ಬರುವ ಕಥೆ ಎಂದು ಸುತ್ತಿ ಹೇಳಿದಳು. ನಾನು ಒಂದು ಪ್ಯಾರಾ ಬಿಟ್ಟರೆ ಅಜ್ಜಿ ಹಿಡಿದುಹಾಕುತ್ತಾರೆ ಎನ್ನುವಾಗ ‘ಇಫ್’ ಹಾಕಿ ಎರಡು ಭಾಗ ಸರಿಯಾಗಿ ಕೂಡಿಸಿದ ವಾಕ್ಯ ಬಂತು. ಆ ಗಂಡ ನಮ್ಮ ಹಾಲಿನಲ್ಲೇ ಕೂತಿದ್ದಾನೇನೋ ಎನ್ನುವ ಹಾಗೆ ಅಜ್ಜಿ ಬಯ್ಯುತ್ತಾರೆ ಎಂದು ಇನ್ನೊಂದು ವಾಕ್ಯ. ತಪ್ಪುಗಳು ಇರಲಿಲ್ಲವೆಂದಲ್ಲ, ಅಲ್ಲಲ್ಲಿ ‘ದಿ’ ಬಿಟ್ಟುಹೋಯಿತು, ಕಾಲಗಳು ಒಂದೆರಡು ಕಡೆ ಕಲಸಿಹೋದವು. ಆದರೆ ದನಿ ಅವಳದ್ದೇ ಆಗಿತ್ತು, ಓಟ ಎಲ್ಲೂ ಮುಗ್ಗರಿಸಲಿಲ್ಲ.

ಈಗ ಲೆಕ್ಕ ಹಾಕಿ. ಗೊತ್ತಿಲ್ಲದ ಪದವನ್ನು ಬೇರೆ ಮಾತುಗಳಲ್ಲಿ ಸುತ್ತಿ ಹೇಳುವ ಸಾಮರ್ಥ್ಯ ಪದಸಂಪತ್ತಿನ ಮಾನದಂಡದಲ್ಲಿ ಹೆಸರಿಟ್ಟು ನಮೂದಿಸಿದ ಗುಣ. ಷರತ್ತಿನ ವಾಕ್ಯ, ‘ಎನ್ನುವ ಹಾಗೆ’ ಎಂಬ ಹೋಲಿಕೆಯ ಕಟ್ಟು ವ್ಯಾಕರಣದ ಹರವಿಗೆ ಸೇರುತ್ತವೆ. ಕೋಚಿಂಗ್ ಹಾಳೆಯಲ್ಲಿ ‘ಕಾಂಪ್ಲೆಕ್ಸ್ ಸೆಂಟೆನ್ಸ್ ಬಳಸಿ’ ಎಂದು ಕೆಂಪು ಗೆರೆ ಎಳೆದು ಹೇಳಿಕೊಟ್ಟಾಗ ಬಾರದ್ದು, ಅಜ್ಜಿಯ ಬಗ್ಗೆ ಮಾತಾಡುವಾಗ ಕರೆಯದೆಯೇ ಬಂತು. ಹೇಳಲು ಹಾಗೊಂದು ಸಂಗತಿ ಇತ್ತು, ಅದಕ್ಕೆ ಆ ವಾಕ್ಯ ಬೇಕಾಯಿತು, ಅಷ್ಟೇ.

ಅಜ್ಜಿಗೆ ಧಾರಾವಾಹಿ ಓದಿ ಹೇಳುವುದು ‘ಓದುವ ಹವ್ಯಾಸ’ದ ಪಟ್ಟಿಗೆ ಸೇರುತ್ತದೆಂದು ಆ ಹುಡುಗಿಗೆ ಹೊಳೆದೇ ಇರಲಿಲ್ಲ. ಹೊಳೆಯದಂತೆ ಮಾಡಿದವರು ನಾವು. ಪುಸ್ತಕದ ಓದು ಎಂದರೆ ಒಬ್ಬರೇ ಕೋಣೆಯಲ್ಲಿ ಕೂತು, ದೀಪ ಹಚ್ಚಿಕೊಂಡು, ಇಂಗ್ಲಿಷ್ ಕಾದಂಬರಿ ಹಿಡಿದು, ಮನಸ್ಸಿನಲ್ಲೇ ಓದುವುದು ಎಂಬ ಚಿತ್ರವೊಂದನ್ನು ಅವರ ತಲೆಯಲ್ಲಿ ಕೂರಿಸಿದ್ದೇವೆ. ನಮ್ಮ ನಾಡಿನ ಓದಿನ ಚರಿತ್ರೆ ಹಾಗಿಲ್ಲ. ಗದುಗಿನ ಭಾರತವನ್ನೋ ಜೈಮಿನಿಯನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಮತ್ತೊಬ್ಬರು ವ್ಯಾಖ್ಯಾನ ಹೇಳುವುದು, ಮನೆಮಂದಿ, ನೆರೆಯವರು ಕೂತು ಕೇಳುವುದು, ಮಧ್ಯೆ ದುರ್ಯೋಧನನ ಪರ ವಿರೋಧ ಮಾತಾಡುವುದು ತಲೆಮಾರುಗಳಿಂದ ನಡೆದು ಬಂದ ರೂಢಿ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಇವತ್ತಿಗೂ ಗಮಕದ ಊರೆಂದೇ ಹೆಸರುವಾಸಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೆಳಿಗ್ಗೆ ಹೋಟೆಲಿನಲ್ಲಿ ಒಬ್ಬರು ಪೇಪರು ಬಿಡಿಸಿ ಗಟ್ಟಿಯಾಗಿ ಓದಿ, ಮೂರು ಮೇಜಿನವರು ಅದಕ್ಕೆ ಟೀಕೆ ಹೇಳುವುದೂ ಇದೇ ವಂಶದ್ದು. ‘ಒಬ್ಬರೇ ಓದುವುದು ಇಷ್ಟವೋ, ಬೇರೆಯವರ ಜತೆಯೋ’ ಎಂಬ ಪ್ರಶ್ನೆ ಕೂಡ ಅಭ್ಯಾಸದ ಪಟ್ಟಿಗಳಲ್ಲಿ ಇರುತ್ತದೆ. ಇಂಥ ಊರಿಂದ ಬಂದ ಹುಡುಗ ಅದಕ್ಕೆ ‘ಐ ಪ್ರಿಫರ್ ರೀಡಿಂಗ್ ಅಲೋನ್ ಬಿಕಾಸ್ ಐ ಕ್ಯಾನ್ ಕಾನ್ಸಂಟ್ರೇಟ್’ ಎಂದು ಎಲ್ಲರೂ ಹೇಳುವ ಸಾಲನ್ನೇ ಹೇಳಿ ಬಂದರೆ ಹೊಟ್ಟೆ ಉರಿಯುವುದಿಲ್ಲವೇ?

ಓದುವುದಿಲ್ಲ ಎಂದು ನಾವು ಗೊಣಗುವ ಈ ಮಕ್ಕಳನ್ನು ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ನೋಡಬಹುದು. ಅವಕ್ಕೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಕಾದಂಬರಿಯ ಕಪಾಟಿನ ಮುಂದೆ ಯಾರೂ ಇರಲಿಕ್ಕಿಲ್ಲ. ಆದರೆ ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ಪತ್ರಿಕೆಯ ಸಂಪಾದಕೀಯ ಪುಟವನ್ನು ಅಡಿಗೆರೆ ಎಳೆಯುತ್ತ ಓದುತ್ತಿರುತ್ತಾರೆ. ಇವರಲ್ಲೊಬ್ಬ ನಾಳೆ ಜರ್ಮನಿಗೋ ಕೆನಡಾಕ್ಕೋ ಹೊರಟರೆ, ತನ್ನ ಓದಿನ ಬಗ್ಗೆ ಅವನಿಗೆ ಹೇಳಲು ಬೇಕಾದಷ್ಟಿದೆ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಓದುವುದು ಓದೇ ಅಲ್ಲ ಎನ್ನುವ ಸಾಹಿತಿ ಮಿತ್ರರಿದ್ದಾರೆ. ಆ ವಾದ ಬೇರೆ ಜಾಗದಲ್ಲಿ ಆಡೋಣ. ಪರೀಕ್ಷಕರ ಮುಂದೆ ಅದು ಸಲ್ಲುವುದಿಲ್ಲ.

ಕನ್ನಡ ಪುಸ್ತಕದ ಹೆಸರು ಹೇಳಬಾರದೆಂಬ ಭಯ ಇನ್ನೊಂದು. ಪರೀಕ್ಷಕರಿಗೆ ತೇಜಸ್ವಿ ಯಾರೆಂದು ಗೊತ್ತಿರುವುದಿಲ್ಲ, ವಿವರಿಸುವುದರಲ್ಲೇ ಎರಡು ನಿಮಿಷ ಹೋಗುತ್ತದೆ ಎನ್ನುತ್ತಾರೆ. ಹೋಗಲಿ! ಆ ಎರಡು ನಿಮಿಷ ಇರುವುದು ವಿವರಿಸಲಿಕ್ಕೇ. ಎದುರಿಗಿರುವವರಿಗೆ ಗೊತ್ತಿರುವ ಪುಸ್ತಕದ ಬಗ್ಗೆ ಹೇಳುವಾಗ ಮಾತು ಬೇಗ ಬತ್ತುತ್ತದೆ, ಗೊತ್ತಿಲ್ಲದ್ದರ ಬಗ್ಗೆ ಹೇಳುವಾಗ ಒಂದೊಂದನ್ನೂ ಕಟ್ಟಿಕೊಡಬೇಕಾಗುತ್ತದೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ವನ್ನೇ ತೆಗೆದುಕೊಳ್ಳಿ. ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಊರಲ್ಲಿ ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಮಂದಣ್ಣ, ಒಂದು ನಾಯಿ. ಇವರೆಲ್ಲ ಸೇರಿ ಪಶ್ಚಿಮ ಘಟ್ಟದ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಕಷ್ಟದ ಪದ ಒಂದೂ ಬೇಡ. ಕೇಳುವವರು, ಹಾರುವ ಓತಿಯೇ, ನಿಜಕ್ಕೂ ಇದೆಯೇ ಎಂದು ಮುಂದಕ್ಕೆ ಬಾಗುವ ಕಥೆ ಇದು. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಪಠ್ಯವಾಗಿ ಓದಿದ್ದರೂ ಸಾಕು, ತೇಜಸ್ವಿ ಅಷ್ಟು ಸುಲಭವಾಗಿ ಮರೆತುಹೋಗುವ ಲೇಖಕರಲ್ಲ.

ಇಲ್ಲಿ ತಮಾಷೆಯ ವಿಷಯವೊಂದಿದೆ. ಇಂಗ್ಲಿಷ್ ಓದುಗರೆನಿಸಿಕೊಳ್ಳಲು ನಮ್ಮವರು ಹೆಸರಿಸುವ ‘ಆಲ್ಕೆಮಿಸ್ಟ್’ ಮೂಲದಲ್ಲಿ ಇಂಗ್ಲಿಷೇ ಅಲ್ಲ. ಬ್ರೆಜಿಲಿನ ಪಾವ್ಲೊ ಕೊಯೆಲೊ 1988ರಲ್ಲಿ ಅದನ್ನು ಪ್ರಕಟಿಸಿದ್ದು ತಮ್ಮ ಪೋರ್ಚುಗೀಸ್ ಭಾಷೆಯಲ್ಲಿ. ಪೋರ್ಚುಗೀಸ್ ಕಾದಂಬರಿಗೆ ಆ ಕೋಣೆಯಲ್ಲಿ ಕುರ್ಚಿ ಇರುವುದಾದರೆ ಕನ್ನಡದ್ದಕ್ಕೆ ಯಾಕಿಲ್ಲ? 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಈ ಹಿಂಜರಿಕೆಗೆ ಕಾರಣವೇ ಉಳಿದಿಲ್ಲ. ಆದರೆ ಒಂದು ಅಂಜಿಕೆ ಇದೆ. ಕೋಚಿಂಗ್ ಹಾಳೆಗಳ ಮುಂದಿನ ಆವೃತ್ತಿಯಲ್ಲಿ ಅದೂ ಸೇರಿ, ದೀಪಾ ಭಾಸ್ತಿ ಅವರ ಅನುವಾದದ ಒಂದು ಪುಟವನ್ನೂ ತೆರೆಯದವರೆಲ್ಲ ‘ಮೈ ಫೇವರಿಟ್ ಬುಕ್ ಈಸ್ ಹಾರ್ಟ್ ಲ್ಯಾಂಪ್’ ಎಂದು ಶುರುಮಾಡಿಯಾರು. ಎರವಲು ಎರವಲೇ, ನಮ್ಮೂರಿನದಾದರೂ.

ಇನ್ನು ನನ್ನ ಅಧ್ಯಾಪಕ ಗೆಳೆಯರ ಮಾತಿಗೆ ಬರುತ್ತೇನೆ. ಓದಿದರೆ ಮಾತು ಬರುತ್ತದೆ ಎನ್ನುತ್ತಾರೆ. ಓದಿನ ಬಗ್ಗೆ ಅವರಿಗಿರುವ ಪ್ರೀತಿ ನನಗೂ ಇದೆ, ಮನೆಯಲ್ಲಿ ಪುಸ್ತಕ ಇಡಲು ಜಾಗವಿಲ್ಲದೆ ಬೈಸಿಕೊಳ್ಳುವವರಲ್ಲಿ ನಾನೂ ಒಬ್ಬ. ಹಾಗೆಂದು ಇದನ್ನು ಒಪ್ಪಲಾರೆ. ಐಇಎಲ್‌ಟಿಎಸ್‌ನ ಓದಿನ ವಿಭಾಗದಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ. ಅಲ್ಲಿ ಓದುವ ಅಭ್ಯಾಸವಿದ್ದವರು ಗೆಲ್ಲುತ್ತಾರೆ, ಬರವಣಿಗೆಯಲ್ಲೂ ಅದರ ಫಲ ಕಾಣುತ್ತದೆ. ಮಾತಿನ ಸಂಗತಿ ಬೇರೆ. ಮೌನವಾಗಿ ಓದುವುದರಿಂದ ಬಾಯಿ ಪಳಗುವುದಿಲ್ಲ. ಅಷ್ಟೇ ಅಲ್ಲ, ಕಣ್ಣಿನಿಂದಷ್ಟೇ ಪರಿಚಯವಾದ ಪದಗಳು ಬಾಯಿಗೆ ಬಂದಾಗ ಕೈಕೊಡುವುದುಂಟು. ತುಂಬ ಓದುವ ಹುಡುಗರೇ ‘ಹೈಪರ್‌ಬೋಲ್’ ಎನ್ನುವುದು, ‘ಎಪಿಟೋಮ್’ ಎನ್ನುವುದು. ಯಾವ ಪ್ರಕಾರದ ಪುಸ್ತಕ ಇಷ್ಟ ಎಂಬ ಪ್ರಶ್ನೆಗೆ ಉತ್ತರಿಸಲು ಎಲ್ಲ ಹಾಳೆಗಳೂ ಹೇಳಿಕೊಡುವ ಫ್ರೆಂಚ್ ಮೂಲದ ಪದವೊಂದಿದೆ. ಅದನ್ನು ‘ಜೆನರ್’, ‘ಜೆನ್ರೆ’, ‘ಗೆನ್ರ್’ ಎಂದು ನಾನಾ ಅವತಾರಗಳಲ್ಲಿ ಕೇಳಿದ್ದೇನೆ. ‘ಅವಿಡ್’ ಕೂಡ ಬಾಯಲ್ಲಿ ‘ಅವೈಡ್’ ಆಗಿಬಿಡುತ್ತದೆ. ಉಚ್ಚಾರಣೆಗೆ ಕಾಲುಭಾಗ ಅಂಕವಿರುವ ಪರೀಕ್ಷೆಯಲ್ಲಿ ‘ಕೈಂಡ್ ಆಫ್ ಬುಕ್’ ಎಂದು ಸರಿಯಾಗಿ ಹೇಳುವವರೇ ಜಾಣರು.

ಹೆಚ್ಚು ಓದಿದವರಿಗೆ ಮತ್ತೊಂದು ಪೇಚು. ನಿಮಗೆ ಎಂಥ ಪುಸ್ತಕ ಇಷ್ಟ ಎಂದು ಕೇಳಿದರೆ ಅವರಿಗೆ ಉತ್ತರವೇ ಹೊಳೆಯುವುದಿಲ್ಲ. ಒಂದನ್ನು ಹೇಳಿದರೆ ಇನ್ನೊಂದಕ್ಕೆ ಅನ್ಯಾಯವಾಗುತ್ತದಲ್ಲ ಎಂದು ಒದ್ದಾಡುತ್ತಾರೆ. ವರ್ಷಕ್ಕೊಂದೇ ಪುಸ್ತಕ ಓದುವವರಿಗೆ ಆ ಕಷ್ಟವಿಲ್ಲ, ಓದಿದ್ದು ಅದೊಂದೇ, ಹೇಳುವುದೂ ಅದನ್ನೇ.

ಮಾತು ಪಳಗಬೇಕಾದರೆ ಓದಿದ್ದನ್ನು ಹೇಳಬೇಕು. ಅದು ಯಾವ ಭಾಷೆಯ ಓದಾದರೂ ನಡೆಯುತ್ತದೆ. ಇವತ್ತು ‘ಪ್ರಜಾವಾಣಿ’ಯಲ್ಲಿ ಓದಿದ ಸುದ್ದಿಯೊಂದನ್ನು ರೂಂಮೇಟಿಗೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಸುದ್ದಿ ಇಂಗ್ಲಿಷಿನಲ್ಲಿ ಓದಿದ್ದಾಗಿದ್ದರೆ ಅದರ ವಾಕ್ಯಗಳೇ ನೆನಪಿನಲ್ಲಿ ಅಂಟಿಕೊಂಡು ಬರುತ್ತಿದ್ದವು. ಕನ್ನಡದಲ್ಲಿ ಓದಿದ್ದನ್ನು ಹೇಳುವಾಗ ಸಾಲ ತರಲು ವಾಕ್ಯವಿರುವುದಿಲ್ಲ, ಪ್ರತಿಯೊಂದನ್ನೂ ಸ್ವಂತವಾಗಿ ಕಟ್ಟಬೇಕು. ಮಾತಿನ ಸುತ್ತಿನ ಮಟ್ಟಿಗೆ ಕನ್ನಡದ ಓದೇ ಒಂದು ಕೈ ಮೇಲಿರಬಹುದು ಎಂದು ನಾನು ವಾದಿಸುವುದು ಇದಕ್ಕೇ. ಗೆಳೆಯರು ಇದನ್ನು ಕೇಳಿ ನಗುತ್ತಾರೆ, ನಗಲಿ.

ಇಷ್ಟಾದ ಮೇಲೂ ಕೋಚಿಂಗ್ ಮೇಷ್ಟ್ರುಗಳ ಒಂದು ಮಾತಿಗೆ ನಾನು ತಲೆಬಾಗಲೇಬೇಕು. ಅವರ ಮುಂದೆ ಬಂದು ಕೂರುವವರಲ್ಲಿ ಹೆದರಿ ಬೆವರುವವರೇ ಹೆಚ್ಚು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೂ ತರಗತಿಯಲ್ಲಿ ಇಂಗ್ಲಿಷ್ ಕೇಳಿದ್ದೇ ಹೊರತು ಆಡಿದ್ದಿಲ್ಲ. ಅಂಥವರಿಗೆ ಮೊದಲ ಎರಡು ವಾಕ್ಯ ಸಿದ್ಧವಾಗಿದ್ದರೆ ಅಷ್ಟರಮಟ್ಟಿಗೆ ಧೈರ್ಯ. ಪರೀಕ್ಷೆ ಹತ್ತಿರ ಬಂದಿರುತ್ತದೆ, ಮೂವತ್ತು ಮಂದಿಯ ಬ್ಯಾಚಿರುತ್ತದೆ, ಒಬ್ಬೊಬ್ಬರ ಅಜ್ಜಿಯನ್ನೂ ಹುಡುಕುತ್ತ ಕೂರಲು ಮೇಷ್ಟ್ರಿಗೆ ಪುರುಸೊತ್ತಿಲ್ಲ. ಒಪ್ಪಿದೆ. ನಾನು ಕೇಳುವುದು ಇಷ್ಟೇ: ಆ ಸಿದ್ಧ ವಾಕ್ಯಗಳು ಓದದ ಪುಸ್ತಕದ ಬದಲು ಓದಿದ ಪತ್ರಿಕೆಯ ಬಗ್ಗೆ ಇರಬಾರದೇ? ಇಡೀ ಬ್ಯಾಚಿಗೆ ಒಂದೇ ಪುಸ್ತಕ ಹಂಚುವಷ್ಟೇ ಹೊತ್ತಿನಲ್ಲಿ, ನೀನು ಕೊನೆಯದಾಗಿ ಓದಿದ್ದು ಏನು, ಎಲ್ಲಿ ಕೂತು ಎಂದು ಕೇಳಬಹುದು. ಬಸ್ಸಿನಲ್ಲಿ ಮೊಬೈಲಿನ ಮೇಲೆ ಕ್ರಿಕೆಟ್ ಸ್ಕೋರ್ ಓದಿದೆ ಎಂದರೆ ಅಲ್ಲಿಂದಲೇ ಶುರುಮಾಡಬಹುದು.

‘ಇಲ್ಲ, ನನಗೆ ಓದುವುದು ಇಷ್ಟವಿಲ್ಲ’ ಎಂದರೆ ಮಾತೇ ಮುಗಿದುಹೋಗುತ್ತದಲ್ಲ ಎಂಬುದು ಅವರ ಇನ್ನೊಂದು ಆತಂಕ. ಮುಗಿಯುವುದು ಅಲ್ಲಿಗೇ ನಿಲ್ಲಿಸಿದರೆ. ‘ಇಲ್ಲ’ಕ್ಕೆ ಕಾರಣಗಳಿರುತ್ತವೆ, ಹೌದು ಎನ್ನುವುದಕ್ಕಿಂತ ಹೆಚ್ಚೇ. ಚಿಕ್ಕವನಿದ್ದಾಗ ಚಂದಮಾಮ ಓದುತ್ತಿದ್ದೆ, ಹೈಸ್ಕೂಲಿಗೆ ಬಂದಮೇಲೆ ಅಪ್ಪ ಕಥೆಪುಸ್ತಕ ಮುಚ್ಚಿಟ್ಟು ಗೈಡು ತಂದುಕೊಟ್ಟರು, ಅಲ್ಲಿಗೆ ನಿಂತಿತು, ಈಗ ಸಂಜೆ ಸಿಕ್ಕರೆ ವಾಲಿಬಾಲ್ ಆಡುತ್ತೇನೆ. ಈ ಉತ್ತರದಲ್ಲಿ ಹಿಂದಿನ ರೂಢಿ, ಬದಲಾದ ಪರಿಸ್ಥಿತಿ, ಈಗಿನ ಅಭ್ಯಾಸ ಮೂರೂ ಇವೆ. ಅದಕ್ಕೆ ಬೇಕಾದ ಕಾಲರೂಪಗಳೆಲ್ಲ ತಾವಾಗಿ ಸಾಲುಗಟ್ಟಿ ಬರುತ್ತವೆ. ಮೂರನೆಯ ಸುತ್ತಿನಲ್ಲಿ ಪರೀಕ್ಷಕರು, ಮಕ್ಕಳು ಓದು ಬಿಡುವುದು ಯಾಕೆ ಎಂದು ಕೆದಕಿದರೂ ಇವನಲ್ಲಿ ಸರಕಿದೆ. ಅಲ್ಲಿ ಅವಿಡ್ ರೀಡರ್ ಮಾತ್ರ ಸಿಕ್ಕಿಬೀಳುತ್ತಾನೆ. ಓದು ಬಿಟ್ಟವರ ಕಥೆ ತನ್ನದೇ ಆಗಿದ್ದರೂ ಆಗಲೇ ಓದುಗನ ವೇಷ ಹಾಕಿಕೊಂಡಿದ್ದಾನಲ್ಲ, ಇನ್ನು ಅದನ್ನು ಹೇಳುವಂತಿಲ್ಲ.

ನನ್ನ ಈ ವಾದ ಎಲ್ಲ ಪರೀಕ್ಷೆಗೂ ನಡೆಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎದುರಿಗೆ ಮನುಷ್ಯರಿದ್ದು, ಮರುಪ್ರಶ್ನೆ ಬರುವ ಕಡೆ ಮಾತ್ರ ಸುಳ್ಳು ದುಬಾರಿಯಾಗುತ್ತದೆ. ಪಿಟಿಇಯಂಥ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಾಡುವುದು ಕಂಪ್ಯೂಟರಿನ ಮೈಕಿಗೆ. ಶುರುವಿನಲ್ಲಿ ಸ್ವಪರಿಚಯ ಹೇಳಿಕೊಳ್ಳಲು 30 ಸೆಕೆಂಡು ಕೊಡುತ್ತಾರೆ, ಅದಕ್ಕೆ ಅಂಕವಿಲ್ಲ. ಅಲ್ಲಿ ಯಾರಾದರೂ ತಾನು ಅವಿಡ್ ರೀಡರ್ ಎಂದು ಹೇಳಿಕೊಂಡರೆ ಕೇಳಿ ಕೆದಕುವವರಿಲ್ಲ, ಕಳೆದುಕೊಳ್ಳುವುದೂ ಏನಿಲ್ಲ. ‘ಆಲ್ಕೆಮಿಸ್ಟ್’ ಹೆಸರನ್ನು ಅಲ್ಲಿ ಧಾರಾಳವಾಗಿ ಬಳಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.